ತಿದ್ದಿದ್ದಕ್ಕೆ ಕಾಲಂ ಇಲ್ಲ

ಪತ್ರಿಕೋದ್ಯಮ ಕಲಿಸುವ ಪ್ರಾಧ್ಯಾಪಕರೊಬ್ಬರು ವರ್ಷವಿಡೀ ಏನು ಮಾಡುತ್ತಾರೆ? ಹೀಗೆ ಕೇಳಿದರೆ ವಿದ್ಯಾರ್ಥಿಗಳು ಒಂದು ಉತ್ತರ ಕೊಡುತ್ತಾರೆ, ವಿಶ್ವವಿದ್ಯಾಲಯದ ಕಚೇರಿ ಇನ್ನೊಂದು ಉತ್ತರ ಕೊಡುತ್ತದೆ. ಎರಡೂ ಸುಳ್ಳಲ್ಲ. ಆದರೆ ಬಡ್ತಿ ಸಿಗುವುದು ಎರಡನೆಯ ಉತ್ತರಕ್ಕೆ ಮಾತ್ರ. ಈ ಎರಡರ ನಡುವೆ ಬಿದ್ದುಹೋಗುವ ಕೆಲಸ ಒಂದಿದೆ. ಅದು ಯಾವುದು, ಅದು ಬಿದ್ದುಹೋದರೆ ಕನ್ನಡದಲ್ಲಿ ಸುದ್ದಿ ಓದುವ ನಮಗೇನು ನಷ್ಟ ಎಂಬುದೇ ಈ ಬರಹದ ವಿಷಯ.

ನಾನು ಓದಿದ್ದು ಭಾಷಾವಿಜ್ಞಾನ, ಹೊಟ್ಟೆಪಾಡಿಗೆ ಹಿಡಿದದ್ದು ಅನುವಾದ. ಇರುವುದು ತಿರುವನಂತಪುರದ ಅಂಚಿನ ಕಳಕ್ಕೂಟಂನಲ್ಲಿ. ಒಂದು ಕಡೆ ಟೆಕ್ನೋಪಾರ್ಕ್, ಇನ್ನೊಂದು ಕಡೆ ಕೇರಳ ವಿಶ್ವವಿದ್ಯಾಲಯದ ಕಾರ್ಯವಟ್ಟಂ ಕ್ಯಾಂಪಸ್. ನನಗೆ ಬರುವ ಕೆಲಸಗಳಲ್ಲಿ ಹೆಚ್ಚಿನವು ಆ್ಯಪ್‌ಗಳ ಸೂಚನೆ, ಬ್ಯಾಂಕಿನ ಪತ್ರ, ಔಷಧದ ಡಬ್ಬಿಯೊಳಗಿನ ಚೀಟಿ. ನಡುವೆ ಒಮ್ಮೊಮ್ಮೆ ಬೇರೆ ಬಗೆಯ ಕೆಲಸವೂ ಬರುತ್ತದೆ. ಕರ್ನಾಟಕದ ವಿಶ್ವವಿದ್ಯಾಲಯವೊಂದರ ಪತ್ರಿಕೋದ್ಯಮ ವಿಭಾಗದ ಮೇಡಂ ಒಬ್ಬರು ಕಳಿಸಿದ್ದು ಅಂಥದ್ದು. ಬಡ್ತಿಗಾಗಿ ಅವರು ತಮ್ಮ ವರ್ಷದ ಕೆಲಸದ ವಿವರವನ್ನು ಇಂಗ್ಲಿಷಿನ ನಮೂನೆಯಲ್ಲಿ ತುಂಬಿ ಕೊಡಬೇಕಿತ್ತು. ಏನೂ ಬಿಟ್ಟುಹೋಗಬಾರದೆಂದು ಮೊದಲು ಎಲ್ಲವನ್ನೂ ಕನ್ನಡದಲ್ಲಿ, ಹನ್ನೊಂದು ಪುಟ ಬರೆದುಕೊಂಡಿದ್ದರು. ಅದನ್ನು ಇಂಗ್ಲಿಷಿಗೆ ತಂದು ನಮೂನೆಯ ಕಾಲಂಗಳಲ್ಲಿ ಕೂರಿಸುವುದು ನನ್ನ ಕೆಲಸ.

ಕೂರಿಸುತ್ತಾ ಹೋದೆ. ಎಷ್ಟು ಪಾಠ ಮಾಡಿದರು, ಅದಕ್ಕೆ ಕಾಲಂ ಇತ್ತು. ಎಷ್ಟು ಉತ್ತರಪತ್ರಿಕೆ ಮೌಲ್ಯಮಾಪನ ಮಾಡಿದರು, ಹಾಸ್ಟೆಲ್ ವಾರ್ಡನ್ ಆಗಿದ್ದರೇ, ಎನ್‌ಎಸ್‌ಎಸ್ ಶಿಬಿರಕ್ಕೆ ಹೋದರೇ, ವಿಚಾರ ಸಂಕಿರಣ ನಡೆಸಿದರೇ, ಅವಕ್ಕೂ ಇತ್ತು. ಕೊನೆಗೆ ನನ್ನ ಕೈಯಲ್ಲಿ ಮೂರೂವರೆ ಪುಟ ಉಳಿಯಿತು. ಆ ಮೂರೂವರೆ ಪುಟದಲ್ಲಿದ್ದದ್ದು ವಿದ್ಯಾರ್ಥಿಗಳು ಬರೆದು ತಂದ ವರದಿಗಳನ್ನು ಅವರು ತಿದ್ದಿದ ಕಥೆ. ಯಾರ ವರದಿಯನ್ನು ಎಷ್ಟು ಸಲ ಹಿಂದಕ್ಕೆ ಕಳಿಸಿದರು, ಗ್ರಾಮ ಪಂಚಾಯಿತಿಯ ನೀರಿನ ಟ್ಯಾಂಕಿನ ಬಗ್ಗೆ ಬರೆದ ಹುಡುಗನನ್ನು ಎರಡನೇ ಸಲ ಅದೇ ಊರಿಗೆ ಏಕೆ ಓಡಿಸಿದರು, ವಿಭಾಗದ ಪ್ರಯೋಗ ಪತ್ರಿಕೆಯ ಒಂದು ಸಂಚಿಕೆ ನಾಲ್ಕು ದಿನ ಏಕೆ ತಡವಾಯಿತು. ಇದನ್ನೆಲ್ಲ ಎಲ್ಲಿ ಹಾಕಲಿ ಎಂದು ಫೋನ್ ಮಾಡಿ ಕೇಳಿದೆ. “ಅದಕ್ಕೆ ಕಾಲಂ ಇಲ್ಲ, ಬಿಟ್ಟುಬಿಡಿ” ಎಂದರು. ದನಿಯಲ್ಲಿ ಬೇಸರವೇನೂ ಇರಲಿಲ್ಲ, ಅಭ್ಯಾಸವಾಗಿಹೋಗಿತ್ತು. ನನ್ನನ್ನು ಕಾಡಿದ್ದು ಆ ಅಭ್ಯಾಸವೇ.

ಕಾಲಂಗಳು ಎಲ್ಲಿಂದ ಬಂದವು ಎಂದು ಮೊದಲು ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಕೆಲಸವನ್ನು ಮೂರು ವರ್ಗಗಳಾಗಿ ಒಡೆಯಿತು. ಮೊದಲನೆಯದು ಬೋಧನೆ, ಕಲಿಕೆ, ಮೌಲ್ಯಮಾಪನ. ಎರಡನೆಯದು ಪಠ್ಯೇತರ ಚಟುವಟಿಕೆ, ಸಮಾಜಸೇವೆ, ವೃತ್ತಿಪರ ಬೆಳವಣಿಗೆ. ಮೂರನೆಯದು ಸಂಶೋಧನೆ. ಪ್ರತಿಯೊಂದಕ್ಕೂ ಅಂಕ. ಇದನ್ನೇ ಎಪಿಐ ಎಂದು ಕರೆಯುತ್ತಾರೆ. ಎರಡನೆಯ ವರ್ಗದ ಒಂದು ಮೂಲೆಯಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನಗಳಿಗೂ ಸ್ವಲ್ಪ ಜಾಗವಿತ್ತು. 2018ರ ಜುಲೈನಲ್ಲಿ ಬಂದ ಹೊಸ ನಿಯಮಾವಳಿ ಇದನ್ನು ಸರಳಗೊಳಿಸಿತು. ಈಗ ಒಪ್ಪಿಸಿದ ತರಗತಿಗಳಲ್ಲಿ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಬೋಧನೆ ‘ಉತ್ತಮ’. 70ರಿಂದ 80ರ ನಡುವೆ ಇದ್ದರೆ ‘ತೃಪ್ತಿಕರ’. ಅದಕ್ಕಿಂತ ಕೆಳಗಿದ್ದರೆ ‘ತೃಪ್ತಿಕರವಲ್ಲ’. ಬೋಧನೆಯ ಬಗ್ಗೆ ಈ ಪಟ್ಟಿ ಕೇಳುವುದು ಇಷ್ಟೇ: ತರಗತಿಗೆ ಹೋದಿರಾ? ಹೋಗಿ ಏನು ಮಾಡಿದಿರಿ ಎಂದು ಅದು ಕೇಳುವುದಿಲ್ಲ.

ಸಂಶೋಧನೆಯ ಪಟ್ಟಿ ಇದಕ್ಕಿಂತ ವಿವರವಾಗಿದೆ. ಭಾಷೆ, ಮಾನವಿಕ ವಿಷಯಗಳಲ್ಲಿ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ಅಂತಾರಾಷ್ಟ್ರೀಯ ಪ್ರಕಾಶಕರಿಂದ ಪುಸ್ತಕ ಬಂದರೆ 12, ರಾಷ್ಟ್ರೀಯ ಪ್ರಕಾಶಕರಿಂದ ಬಂದರೆ 10. ಒಂದಿಡೀ ಪುಸ್ತಕದ ಅನುವಾದಕ್ಕೆ 8, ಒಂದು ಅಧ್ಯಾಯದ ಅನುವಾದಕ್ಕೆ 3. ವಿದೇಶದ ಸಮ್ಮೇಳನದಲ್ಲಿ ಆಹ್ವಾನಿತ ಉಪನ್ಯಾಸ ಕೊಟ್ಟರೆ 7, ರಾಜ್ಯ ಮಟ್ಟದಲ್ಲಾದರೆ 2. ನೇರ ನೇಮಕಾತಿಯಲ್ಲಿ ಪ್ರಾಧ್ಯಾಪಕರಾಗಲು ಇಂಥ ಅಂಕಗಳು 120 ಆಗಬೇಕು. ಅನುವಾದವೇ ವೃತ್ತಿಯಾದ ನನಗೆ ಇಲ್ಲಿ ಸ್ವಂತ ಹೊಟ್ಟೆಯುರಿ ಇದ್ದೇ ಇದೆ. ಮುನ್ನೂರು ಪುಟದ ಗ್ರಂಥವೊಂದನ್ನು ಎರಡು ವರ್ಷ ಕೂತು ಕನ್ನಡಕ್ಕೆ ತಂದರೆ 8. ವಿಮಾನ ಹತ್ತಿ ಹೋಗಿ ಒಂದು ಗಂಟೆ ಮಾತಾಡಿ ಬಂದರೆ 7. ಧಾರವಾಡದಲ್ಲೋ ಮೈಸೂರಿನಲ್ಲೋ ಕನ್ನಡ ಪುಸ್ತಕ ಮಾತ್ರ ಅಚ್ಚು ಹಾಕುವ ಪ್ರಕಾಶಕರು ‘ರಾಷ್ಟ್ರೀಯ’ರೇ ಅಲ್ಲವೇ ಎಂಬ ಜಗಳವನ್ನು ಅಧ್ಯಾಪಕರೇ ಸಮಿತಿಯ ಮುಂದೆ ಆಡಿಕೊಳ್ಳಬೇಕು. ಇನ್ನು ದಿನಪತ್ರಿಕೆಯಲ್ಲಿ ಬರೆದ ಲೇಖನಕ್ಕೆ ಈ ಪಟ್ಟಿಯಲ್ಲಿ ಸಾಲೇ ಇಲ್ಲ. ಪತ್ರಿಕೋದ್ಯಮದ ಅಧ್ಯಾಪಕರು ಪತ್ರಿಕೆಗೆ ಬರೆದರೆ ಅದು ಲೆಕ್ಕಕ್ಕಿಲ್ಲ ಎಂಬುದನ್ನು ನಾನು ನಾಲ್ಕು ಸಲ ಓದಿ ಖಚಿತ ಮಾಡಿಕೊಂಡೆ.

ಹಾಗೆಂದು ಅಂಕಪದ್ಧತಿಯನ್ನು ಸುಮ್ಮನೆ ಬೈದು ಮುಗಿಸುವುದು ಸರಿಯಲ್ಲ. ಮುಖ್ಯಸ್ಥರು ಬರೆಯುವ ಗೋಪ್ಯ ವರದಿಯ ಕಾಲವನ್ನು ನೆನೆಸಿಕೊಳ್ಳಿ. ಯಾರು ಯಾರಿಗೆ ಬೇಕಾದವರು, ಯಾವ ಜಾತಿ, ಯಾವ ಗುಂಪು ಎನ್ನುವುದರ ಮೇಲೆ ಒಬ್ಬರ ಇಡೀ ವೃತ್ತಿಜೀವನ ನಿಲ್ಲಬಹುದಿತ್ತು. ಮುಖ್ಯಸ್ಥರ ಮನೆಗೆ ಹೋಗಿ ಕೈಮುಗಿಯದ ದಲಿತ ಅಧ್ಯಾಪಕರಿಗೆ, ಸಂಜೆಯ ಹರಟೆಯಲ್ಲಿ ಕೂರಲಾಗದ ಮಹಿಳಾ ಅಧ್ಯಾಪಕರಿಗೆ ಅಂಕಗಳ ಪಟ್ಟಿ ಒಂದು ರಕ್ಷಣೆ. “ನನ್ನ ಬಳಿ ಇಷ್ಟಿದೆ, ನೋಡಿ” ಎಂದು ಕಾಗದ ಮುಂದಿಡಬಹುದು. ಆ ರಕ್ಷಣೆಯನ್ನು ಕಿತ್ತುಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ನಾನು ಹೇಳುವುದು, ಪಟ್ಟಿ ಒಂದು ದೊಡ್ಡ ಕೆಲಸವನ್ನೇ ಮರೆತಿದೆ ಎಂದು.

ಆ ಕೆಲಸಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ತಿದ್ದುವುದು. ಅಕ್ಷರ ಕಲಿಯುವ ಮಗು ಬರೆದದ್ದರ ಮೇಲೆಯೇ ಮತ್ತೆ ಮತ್ತೆ ಬೆರಳಾಡಿಸುತ್ತದಲ್ಲ, ಅದನ್ನೂ ತಿದ್ದುವುದು ಎನ್ನುತ್ತೇವೆ. ತಪ್ಪನ್ನು ಸರಿಪಡಿಸುವುದನ್ನೂ ಹಾಗೇ ಕರೆಯುತ್ತೇವೆ. ದಾರಿ ತಪ್ಪಿದವರನ್ನು ಸರಿದಾರಿಗೆ ತರುವುದಕ್ಕೂ ಅದೇ ಮಾತು. ಹಳಗನ್ನಡದಲ್ಲಿ ಇದು ‘ತಿರ್ದು’. ನಾನಿರುವ ಊರಿನ ಮಲಯಾಳಂನಲ್ಲಿ ‘ತಿರುತ್ತುಗ’, ತಮಿಳಿನಲ್ಲಿ ‘ತಿರುತ್ತು’. ತಮಿಳಿನಲ್ಲಿ ಪಾಳುಬಿದ್ದ ನೆಲವನ್ನು ಹಸನು ಮಾಡಿ ಉಳುಮೆಗೆ ಸಿದ್ಧಗೊಳಿಸುವುದಕ್ಕೂ ಈ ಪದ ಸಲ್ಲುತ್ತದೆ. ಮೂರು ಭಾಷೆಗಳಲ್ಲೂ ಇದು ಇಬ್ಬರು ಒಂದೇ ವಸ್ತುವಿನ ಮೇಲೆ ಕೈಯಿಟ್ಟು ಮಾಡಬಹುದಾದ ಕೆಲಸ. ಯುಜಿಸಿ ನಮೂನೆಯಲ್ಲಿರುವ ಪದ ‘ಮೌಲ್ಯಮಾಪನ’. ಅದು ಬರೆದು ಮುಗಿದದ್ದಕ್ಕೆ ಬೆಲೆ ಕಟ್ಟುವುದು. ಬೆಲೆ ಕಟ್ಟಿದ ಮೇಲೆ ಉತ್ತರಪತ್ರಿಕೆ ಉಗ್ರಾಣ ಸೇರುತ್ತದೆ. ತಿದ್ದಿದ ಹಾಳೆಯಾದರೆ ಬರೆದವರ ಕೈಗೆ ಮರಳುತ್ತದೆ. ವ್ಯತ್ಯಾಸ ಇಷ್ಟು ದೊಡ್ಡದು.

ಪತ್ರಿಕೋದ್ಯಮದಲ್ಲಿ ತಿದ್ದುವುದು ಕಾಗುಣಿತ ಸರಿಪಡಿಸುವುದಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಕನ್ನಡ ಸುದ್ದಿಯಲ್ಲಿ ನಾವು ದಿನಾ ಓದುವ ಒಂದು ಪದ ‘ಎನ್ನಲಾಗಿದೆ’. “ಗುತ್ತಿಗೆದಾರರು ಹಣ ಪಡೆದು ಕಾಮಗಾರಿ ಅರ್ಧಕ್ಕೆ ಬಿಟ್ಟಿದ್ದಾರೆ ಎನ್ನಲಾಗಿದೆ.” ವ್ಯಾಕರಣದಲ್ಲಿ ಈ ವಾಕ್ಯಕ್ಕೆ ತಪ್ಪಿಲ್ಲ. ಆದರೆ ಅಂದವರು ಯಾರು ಎಂಬುದು ಅದರಲ್ಲಿ ಮಾಯವಾಗಿದೆ. ಯಾರೋ ಏನೋ ಅಂದರು ಎಂಬ ಸುಳಿವಷ್ಟೇ ಉಳಿದು ಅಂದವರ ಹೊಣೆ ಕಳಚಿಹೋಗಿದೆ. ನನಗೆ ಬಂದ ಆ ಮೂರೂವರೆ ಪುಟದಲ್ಲಿ ಮೇಡಂ ಬರೆದಿದ್ದರು: ತಾವು ಪ್ರತಿ ‘ಎನ್ನಲಾಗಿದೆ’ಗೂ ಸುತ್ತು ಹಾಕಿ, ಪಕ್ಕದಲ್ಲಿ “ಯಾರು ಅಂದರು?” ಎಂದು ಬರೆದು ಹಿಂದಿರುಗಿಸುತ್ತಾರಂತೆ. ನೀರಿನ ಟ್ಯಾಂಕಿನ ಹುಡುಗ ಮತ್ತೆ ಊರಿಗೆ ಹೋದದ್ದು ಈ ಎರಡು ಪದದ ಪ್ರಶ್ನೆಯಿಂದ. ಎರಡನೇ ಸಲ ಅವನು ಪಂಚಾಯಿತಿಯಿಂದ ಬಿಲ್ಲಿನ ಪ್ರತಿ ಕೇಳಿ ತಂದ, ವಾಟರ್‌ಮ್ಯಾನ್ ಜೊತೆ ಮಾತಾಡಿದ, ಗುತ್ತಿಗೆದಾರರಿಗೂ ಫೋನ್ ಮಾಡಿದ. ಮೊದಲ ವರದಿಯಲ್ಲಿದ್ದ ಆರೋಪದಲ್ಲಿ ಅರ್ಧ ಸರಿಯಿರಲಿಲ್ಲ, ಉಳಿದರ್ಧ ಅವನು ಅಂದುಕೊಂಡದ್ದಕ್ಕಿಂತ ಗಂಭೀರವಾಗಿತ್ತು. ಆ ಹುಡುಗ ವರದಿ ಮಾಡುವುದನ್ನು ಕಲಿತದ್ದು ಆ ಎರಡನೇ ಪ್ರಯಾಣದಲ್ಲಿ. ನಮೂನೆಯ ಪ್ರಕಾರ ಅಂದು ಅಲ್ಲಿ ಏನೂ ನಡೆದಿಲ್ಲ.

ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು, ಲೆಕ್ಕ ಹಾಕೋಣ. ಯುಜಿಸಿ ನಿಯಮದಂತೆ ಅಧ್ಯಾಪಕರು ವರ್ಷಕ್ಕೆ 30 ವಾರ, ವಾರಕ್ಕೆ 40 ಗಂಟೆ ಕೆಲಸದಲ್ಲಿರಬೇಕು. ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. ಒಂದು ತರಗತಿಯಲ್ಲಿ 30 ವಿದ್ಯಾರ್ಥಿಗಳು, ಒಬ್ಬೊಬ್ಬರದು ವಾರಕ್ಕೆ ಒಂದೇ ವರದಿ, ಒಂದೊಂದಕ್ಕೆ 20 ನಿಮಿಷ ಎಂದಿಟ್ಟುಕೊಳ್ಳಿ. ವಾರಕ್ಕೆ 10 ಗಂಟೆಯಾಯಿತು. 30 ವಾರಕ್ಕೆ 300 ಗಂಟೆ. ಪ್ರಾಧ್ಯಾಪಕರ ವರ್ಷದ ನೇರ ಬೋಧನೆಯೇ 420 ಗಂಟೆ ಎನ್ನುವಾಗ ಈ 300 ಸಣ್ಣ ಸಂಖ್ಯೆಯಲ್ಲ. ಈ ಗಂಟೆಗಳನ್ನು ಇನ್ನೊಂದು ಸಂಶೋಧನ ಲೇಖನಕ್ಕೆ ಹಾಕಿದರೆ 10 ಅಂಕ ಬರುತ್ತದೆ. ತಿದ್ದುವುದಕ್ಕೆ ಹಾಕಿದರೆ ಸೊನ್ನೆ. ಮನೆ ಸಾಲದ ಕಂತು, ಮಕ್ಕಳ ಫೀಸು ಇರುವ ಯಾರಿಗೇ ಆಗಲಿ ಈ ಲೆಕ್ಕ ಅರ್ಥವಾಗುತ್ತದೆ. ಇಷ್ಟಾದರೂ ತಿದ್ದುತ್ತಿರುವವರು ತಮ್ಮ ಕೈಯಿಂದ ದಂಡ ತೆತ್ತು ತಿದ್ದುತ್ತಿದ್ದಾರೆ.

ಎಣಿಕೆಗೆ ಸಿಗುವುದರ ಹಿಂದೆ ಎಲ್ಲರೂ ಓಡಿದಾಗ ಏನಾಗುತ್ತದೆ ಎಂಬುದಕ್ಕೆ ಯುಜಿಸಿಯೇ ಸಾಕ್ಷಿ ಕೊಟ್ಟಿದೆ. ಅಂಕ ಸಿಗುವ ಜರ್ನಲ್‌ಗಳ ಪಟ್ಟಿಯಿಂದ ಅದು 2018ರ ಮೇನಲ್ಲಿ 4,305 ಹೆಸರುಗಳನ್ನು ಕಿತ್ತುಹಾಕಬೇಕಾಯಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಮಾಡಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ದುಡ್ಡು ಕಟ್ಟಿಸಿಕೊಂಡು ಲೇಖನ ಅಚ್ಚು ಹಾಕುವ ಅಂಗಡಿಗಳು ತಲೆಯೆತ್ತಿದ್ದು ಅಧ್ಯಾಪಕರೆಲ್ಲ ಅಪ್ರಾಮಾಣಿಕರು ಎಂದಲ್ಲ. ಲೇಖನಕ್ಕೆ ಅಂಕವಿತ್ತು, ಅದನ್ನು ಯಾರಾದರೂ ಓದಿದರೇ ಎಂದು ಕೇಳುವವರಿರಲಿಲ್ಲ.

ಪತ್ರಿಕೋದ್ಯಮದ ಬೋಧನೆ ಹುಟ್ಟಿದ್ದು ಹೀಗಲ್ಲ. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ತೆರೆದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಹೊರಬಂತು. ಊರಿನ ಜನ ಓದುವ ನಿಜವಾದ ಪತ್ರಿಕೆ. ಪಾಠ ಅದರ ಸುತ್ತ ನಡೆಯುತ್ತಿತ್ತು. ನಮ್ಮಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮದ ಪಾಠ ಶುರುವಾಯಿತು. ಅದನ್ನು ಕಟ್ಟಿ ನಿಲ್ಲಿಸಿದ ನಾಡಿಗ ಕೃಷ್ಣಮೂರ್ತಿಯವರು ಭಾರತದ ಪತ್ರಿಕೋದ್ಯಮದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ಮೈಸೂರು ವಿಶ್ವವಿದ್ಯಾಲಯ ಅದನ್ನು 1966ರಲ್ಲಿ ಪ್ರಕಟಿಸಿತು. ಅವರಿಗೂ ಮೊದಲೇ, ವಿಶ್ವವಿದ್ಯಾಲಯದ ಹೊರಗೆ, ಡಿ.ವಿ. ಗುಂಡಪ್ಪನವರು ‘ವೃತ್ತಪತ್ರಿಕೆ’ ಬರೆದಿದ್ದರು. ನಾನಿರುವ ಕಡೆಯ ಕಥೆ ಇನ್ನೂ ಕಟುವಾದದ್ದು. ‘ಸ್ವದೇಶಾಭಿಮಾನಿ’ ಪತ್ರಿಕೆಯ ಸಂಪಾದಕ ಕೆ. ರಾಮಕೃಷ್ಣ ಪಿಳ್ಳೆಯವರನ್ನು ತಿರುವಾಂಕೂರು ಸರ್ಕಾರ 1910ರ ಸೆಪ್ಟೆಂಬರ್‌ನಲ್ಲಿ ಗಡೀಪಾರು ಮಾಡಿ ಮುದ್ರಣಾಲಯವನ್ನು ಜಪ್ತಿ ಮಾಡಿತು. ಪತ್ರಿಕೆ ಕಳೆದುಕೊಂಡ ಆ ಮನುಷ್ಯ ಎರಡೇ ವರ್ಷದಲ್ಲಿ, 1912ರಲ್ಲಿ, ‘ವೃತ್ತಾಂತ ಪತ್ರಪ್ರವರ್ತನಂ’ ಎಂಬ ಪಠ್ಯವನ್ನು ಮಲಯಾಳಂನಲ್ಲಿ ಹೊರತಂದರು. ಪತ್ರಿಕೆ ನಡೆಸುವುದು ಹೇಗೆ ಎಂದು ಮುಂದಿನವರಿಗೆ ಕಲಿಸುವ ಪುಸ್ತಕ. ಈ ಯಾರೂ ಅಂಕಕ್ಕಾಗಿ ಬರೆದವರಲ್ಲ. ಗುಂಡಪ್ಪ, ಪಿಳ್ಳೆ ಇಬ್ಬರೂ ತಮ್ಮ ಓದುಗರ ನುಡಿಯಲ್ಲೇ ಬರೆದರು.

ಇಂದು ಈ ಕಲಿಕೆ ಎಲ್ಲಿ ನಡೆಯಬೇಕು? ಹಿಂದೆ ವಿಶ್ವವಿದ್ಯಾಲಯದಲ್ಲಿ ಕಲಿಯದೆ ಬಂದವರನ್ನು ಪತ್ರಿಕೆಯ ಡೆಸ್ಕ್ ತಿದ್ದುತ್ತಿತ್ತು. ಹಿರಿಯ ಉಪಸಂಪಾದಕರೊಬ್ಬರು ಕೆಂಪು ಪೆನ್ನು ಹಿಡಿದು ಕೂತಿರುತ್ತಿದ್ದರು, ಬೈಗುಳದ ಜೊತೆಗೆ ಪಾಠವೂ ಸಿಗುತ್ತಿತ್ತು. ಈಗ ಡೆಸ್ಕುಗಳು ತೆಳ್ಳಗಾಗಿವೆ. ಸುದ್ದಿ ಬರೆದವರೇ ಅದನ್ನು ನೇರವಾಗಿ ಜಾಲತಾಣಕ್ಕೆ ಏರಿಸುತ್ತಾರೆ. ಕೇರಳದಲ್ಲಿ ಕೊಚ್ಚಿಯ ಕಾಕ್ಕನಾಡಿನಲ್ಲಿ ಮೀಡಿಯಾ ಅಕಾಡೆಮಿ ಇದೆ. ಅದು ವಿಶ್ವವಿದ್ಯಾಲಯವಲ್ಲ, ಸರ್ಕಾರ, ಪತ್ರಕರ್ತರ ಸಂಘ, ಪತ್ರಿಕಾ ಮಾಲೀಕರ ಸಂಘ ಮೂರೂ ಸೇರಿ ನಡೆಸುವ ಸಂಸ್ಥೆ. ಹೀಗೆ ವೃತ್ತಿಯವರೇ ಪಾಲುದಾರರಾಗಿರುವ ಕಡೆ ಕಲಿಕೆ ಕೆಲಸಕ್ಕೆ ಹತ್ತಿರವಾಗಿರಲು ಸಾಧ್ಯ. ಕರ್ನಾಟಕದಲ್ಲಿ ಹಳ್ಳಿಗಾಡಿನಿಂದ, ಕನ್ನಡ ಮಾಧ್ಯಮದಿಂದ ಬಂದು ಪತ್ರಕರ್ತರಾಗಬೇಕೆನ್ನುವ ಮಕ್ಕಳಿಗೆ ಮುಖ್ಯ ಆಸರೆ ಸರ್ಕಾರಿ ವಿಶ್ವವಿದ್ಯಾಲಯಗಳ ವಿಭಾಗಗಳೇ. ಅಲ್ಲೂ ಪಾಠದ ಬಹುಪಾಲು ಹೊರುವವರು ಅತಿಥಿ ಉಪನ್ಯಾಸಕರು. ಅವರು ಎಷ್ಟೇ ತಿದ್ದಲಿ, ತುಂಬಿ ಕೊಡಲು ಅವರಿಗೆ ಬಡ್ತಿಯ ನಮೂನೆಯೇ ಇಲ್ಲ. ಎಂ.ಎ. ಮುಗಿಸಿ ಹೊರಬರುವ ಒಬ್ಬ ಹುಡುಗಿಯ ಬರಹವನ್ನು ಎರಡು ವರ್ಷದಲ್ಲಿ ಒಬ್ಬರೂ ಸಾಲು ಸಾಲಾಗಿ ಓದಿಲ್ಲ ಎಂದರೆ, ಅವಳು ನಾಳೆ ಬರೆಯುವ ‘ಎನ್ನಲಾಗಿದೆ’ಯಿಂದ ಮಾನ ಕಳೆದುಕೊಳ್ಳುವವರು ನಾವೂ ಆಗಬಹುದು, ನಮ್ಮ ನೆಂಟರೂ ಆಗಬಹುದು.

ಹಾಗಾದರೆ ಏನು ಮಾಡಬೇಕು? 2025ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಗಳ ಕರಡು ಹೊರಡಿಸಿತು. ಕುಲಪತಿಗಳನ್ನು ಆರಿಸುವ ಅಧಿಕಾರ ಯಾರಿಗೆ ಎಂಬ ವಿಷಯದಲ್ಲಿ ಕೇರಳ, ಕರ್ನಾಟಕ ಎರಡೂ ಸರ್ಕಾರಗಳು ಅದನ್ನು ವಿರೋಧಿಸಿದವು. ಕೇರಳ ವಿಧಾನಸಭೆ ನಿರ್ಣಯವನ್ನೇ ಮಾಡಿತು. ವಿರೋಧ ನ್ಯಾಯವಾದದ್ದೇ. ಆದರೆ ಆ ಗದ್ದಲದಲ್ಲಿ ಕರಡಿನ ಇನ್ನೊಂದು ಭಾಗದ ಬಗ್ಗೆ ಮಾತು ಕಡಿಮೆಯಾಯಿತು. ಅಂಕಗಳ ಬದಲು ಒಂಬತ್ತು ಬಗೆಯ ‘ಗಮನಾರ್ಹ ಕೊಡುಗೆ’ಗಳ ಪಟ್ಟಿ ಕೊಟ್ಟು ಅವುಗಳಲ್ಲಿ ನಾಲ್ಕನ್ನಾದರೂ ತೋರಿಸಿ ಎನ್ನುತ್ತದೆ ಕರಡು. ಭಾರತೀಯ ಭಾಷೆಗಳಲ್ಲಿ ಬೋಧನೆ, ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಮತ್ತು ಪ್ರಾಜೆಕ್ಟ್ ಮಾರ್ಗದರ್ಶನ, ಸಮುದಾಯದ ಕೆಲಸ ಇವೂ ಆ ಪಟ್ಟಿಯಲ್ಲಿವೆ. ಕುಲಪತಿ ನೇಮಕದ ಜಗಳ ಹೇಗೇ ಮುಗಿಯಲಿ, ಈ ಬಾಗಿಲು ಅರ್ಧ ತೆರೆದಿರುವಾಗ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಮೂರು ಕೆಲಸ ಮಾಡಬಹುದು ಎಂದು ನನಗನ್ನಿಸುತ್ತದೆ.

ಒಂದು, ತಿದ್ದುವ ಗಂಟೆಗಳನ್ನು ಕೆಲಸದ ಹೊರೆಯಲ್ಲಿ ಸೇರಿಸಬೇಕು. ರಸಾಯನಶಾಸ್ತ್ರದವರಿಗೆ ಪ್ರಯೋಗಾಲಯದ ಗಂಟೆ ಲೆಕ್ಕಕ್ಕಿದೆ. ಪತ್ರಿಕೋದ್ಯಮದ ಪ್ರಯೋಗಾಲಯ ವಿದ್ಯಾರ್ಥಿಯ ಹಾಳೆ. ವೇಳಾಪಟ್ಟಿಯಲ್ಲೇ ಅದಕ್ಕೆ ಹೊತ್ತು ಗೊತ್ತುಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಎರಡು, ವರ್ಷದ ವರದಿಯ ಜೊತೆ ಪ್ರಮಾಣಪತ್ರಗಳ ಕಟ್ಟಿನ ಬದಲು ಮೂರು ವಿದ್ಯಾರ್ಥಿಗಳ ಮೂರು ವರದಿಗಳನ್ನು, ಮೊದಲ ಕರಡು ಮತ್ತು ಕೊನೆಯ ಪ್ರತಿ ಎರಡನ್ನೂ, ಹೆಸರು ತೆಗೆದು ಲಗತ್ತಿಸಲಿ. ಬೇರೆ ವಿಶ್ವವಿದ್ಯಾಲಯದ ಒಬ್ಬ ಅಧ್ಯಾಪಕರು, ಒಬ್ಬ ಅನುಭವಿ ಪತ್ರಕರ್ತರು ಅವನ್ನು ಓದಲಿ. ಇದರಲ್ಲೂ ಮೋಸ ಸಾಧ್ಯ, ಒಪ್ಪುತ್ತೇನೆ. ಆದರೆ ಹಾಳೆಯ ಅಂಚಿನಲ್ಲಿ ಬರೆದ ಪ್ರಶ್ನೆಗಳನ್ನು ಹುಟ್ಟಿಸಿಕೊಂಡು ಬರೆಯಬೇಕಾದರೆ ವಿದ್ಯಾರ್ಥಿಯ ಬರಹವನ್ನು ಓದಲೇಬೇಕಾಗುತ್ತದೆ. ದುಡ್ಡು ಕೊಟ್ಟು ಅಚ್ಚು ಹಾಕಿಸುವ ಲೇಖನಕ್ಕಿಂತ ಇದು ಕಷ್ಟದ ಮೋಸ.

ಮೂರು, ಕನ್ನಡದಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದದ್ದಕ್ಕೆ, ಪಠ್ಯಗಳ ಅನುವಾದಕ್ಕೆ ಸಂಶೋಧನೆಯಷ್ಟೇ ಮಾನ ಸಿಗಬೇಕು. “ಹಾಗಾದರೆ ಸಂಶೋಧನೆ ಬೇಡವೇ?” ಎಂದು ಕೇಳುವವರಿದ್ದಾರೆ. ಬೇಕು. ಕನ್ನಡ ಸುದ್ದಿಯ ಭಾಷೆಯ ಬಗ್ಗೆ ಒಳ್ಳೆಯ ಸಂಶೋಧನೆ ಹುಟ್ಟುವುದು ಸಾವಿರ ವರದಿ ತಿದ್ದಿದವರ ಅನುಭವದಿಂದಲೇ. ‘ಎನ್ನಲಾಗಿದೆ’ ಯಾವ ಬಗೆಯ ಸುದ್ದಿಯಲ್ಲಿ ಹೆಚ್ಚು, ಯಾರ ಮೇಲಿನ ಆರೋಪದಲ್ಲಿ ಹೆಚ್ಚು? ನನ್ನಂಥ ಭಾಷಾವಿಜ್ಞಾನದವರು ಕೋಶ ಬಿಡಿಸಿ ಎಣಿಸುವ ಮೊದಲೇ ಆ ಮೇಡಂಗೆ ಇದರ ಅಂದಾಜು ಇರುತ್ತದೆ. ಅದನ್ನು ಕನ್ನಡದಲ್ಲಿ, ಪತ್ರಿಕೆಯಲ್ಲಿ ಬರೆದರೆ ವರದಿಗಾರರು ಓದುತ್ತಾರೆ.

ಇನ್ನೊಂದು ಆಕ್ಷೇಪವಿದೆ. ಎಲ್ಲವನ್ನೂ ಎಣಿಕೆಗೆ ಒಳಪಡಿಸಿದರೆ ತಿದ್ದುವುದೂ ಒಂದು ನಾಟಕವಾಗುವುದಿಲ್ಲವೇ? ಪ್ರೀತಿಯಿಂದ ಮಾಡುವುದನ್ನು ಪ್ರೀತಿಗೇ ಬಿಡಬಾರದೇ? ಕೇಳಲು ಚೆನ್ನಾಗಿರುವ ಈ ಮಾತನ್ನು ನಾನು ನಂಬುವುದಿಲ್ಲ. ಪ್ರೀತಿಯ ಕೆಲಸ ಎಂದು ಹೆಸರಿಟ್ಟು ಸಂಬಳದ ಲೆಕ್ಕದಿಂದ ಹೊರಗಿಟ್ಟ ಕೆಲಸಗಳೆಲ್ಲ ಕೊನೆಗೆ ಯಾರ ಹೆಗಲಿಗೆ ಬೀಳುತ್ತವೆ ಎಂಬುದು ನಮಗೆ ಅಡುಗೆಮನೆಯಿಂದಲೇ ಗೊತ್ತಿದೆ. ವಿಭಾಗಗಳಲ್ಲೂ ಅದೇ ನಡೆಯುತ್ತದೆ. ಯಾರಿಗೆ ಇಲ್ಲ ಎನ್ನಲು ಬಾರದೋ ಅವರ ಮೇಜಿನ ಮೇಲೆ ಹಾಳೆಗಳು ರಾಶಿ ಬೀಳುತ್ತವೆ. ಅವರ ಬಡ್ತಿ ಹಿಂದೆ ಬೀಳುತ್ತದೆ. ಕಿರಿಯ ಸಹೋದ್ಯೋಗಿಗಳು ಅದನ್ನು ನೋಡುತ್ತಾರೆ, ನೋಡಿ ಪಾಠ ಕಲಿಯುತ್ತಾರೆ. ಹತ್ತು ವರ್ಷದಲ್ಲಿ ಆ ವಿಭಾಗದಲ್ಲಿ ತಿದ್ದುವವರೇ ಇರುವುದಿಲ್ಲ. ಯಾರೂ ನಿಲ್ಲಿಸಿ ಎಂದು ಆದೇಶ ಹೊರಡಿಸಿರುವುದಿಲ್ಲ.

ಈ ಕಾಗದವನ್ನು ಓದುತ್ತಿರುವ ನಿಮ್ಮಲ್ಲಿ ಅಧ್ಯಾಪಕರಿದ್ದಾರೆ, ಪತ್ರಕರ್ತರಿದ್ದಾರೆ, ಸಿಂಡಿಕೇಟ್ ಮತ್ತು ಪಠ್ಯಮಂಡಳಿಗಳ ಸದಸ್ಯರೂ ಇರಬಹುದು. ಮುಂದಿನ ಸಭೆಯಲ್ಲಿ ನಮೂನೆ ನಿಮ್ಮ ಮುಂದೆ ಬಂದಾಗ ಒಂದು ಸಾಲು ಸೇರಿಸಿ ಎಂದು ಕೇಳಿ: ಈ ವರ್ಷ ಯಾರ ಬರಹವನ್ನು ತಿದ್ದಿದಿರಿ, ತಿದ್ದಿದ ಮೇಲೆ ಅದು ಏನಾಯಿತು? ಮೊದಲ ವರ್ಷ ಆ ಸಾಲು ಬಹಳ ಕಡೆ ಖಾಲಿಯಾಗಿ ಬರಬಹುದು. ಬರಲಿ. ಖಾಲಿ ಇದೆ ಎಂದು ಗೊತ್ತಾಗುವುದಕ್ಕೂ ಒಂದು ಕಾಲಂ ಬೇಕಲ್ಲವೇ?